ಒಂದು ಒಳ್ಳೆಯ ಮಾತು, ಎರಡು ಪ್ರಶ್ನೆ

ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಬೆಳಿಗ್ಗೆ ಏಳೂವರೆ. ಕಾಲೇಜಿನ ಮೂರನೇ ಮಹಡಿಯ ಕೊನೆಯ ಕೋಣೆಯ ಬೀಗ ಕಚ್ಚಿಕೊಂಡುಬಿಟ್ಟಿತ್ತು.

ಕೀಲಿಕೈ ನನ್ನ ಕೈಯಲ್ಲೇ ಇತ್ತು. ಬಾಗಿಲು ತೆಗೆಯುವುದು, ಬೋರ್ಡ್ ಒರೆಸುವುದು, ಕಸದ ಬುಟ್ಟಿ ಖಾಲಿ ಮಾಡುವುದು... ಇಪ್ಪತ್ತೆರಡು ವರ್ಷದಿಂದ ಅದೇ ನನ್ನ ಕೆಲಸ. ನನ್ನ ಹಿಂದೆ ನಲವತ್ತು ಹೊಸ ಮುಖಗಳು ಕಾಯುತ್ತಿದ್ದವು.

"ಆಯಮ್ಮ, ಸ್ವಲ್ಪ ಸರೀತೀರಾ?"

ಒಬ್ಬ ಹುಡುಗಿ ಮುಂದೆ ಬಂದಳು. ಜಡೆಯಿಂದ ಪಿನ್ನು ಎಳೆದಳು. ಬೀಗಕ್ಕೆ ಕಿವಿ ಹಚ್ಚಿ ಕಣ್ಣು ಮುಚ್ಚಿದಳು.

"ಏನು ಹೇಳ್ತಿದೆ?" ಪಕ್ಕದಲ್ಲೇ ಒಂದು ಗಂಡು ದನಿ.

ಕಣ್ಣು ಬಿಟ್ಟಳು. ಎತ್ತರದ ಹುಡುಗ. ಅಂಗಿಯ ತೋಳಿಗೆ ಮೈದಾ ಹಿಟ್ಟು, ಒಂದು ಹುಬ್ಬಿಗೂ ಹಿಟ್ಟು!

"ನೀವು ಸುಮ್ಮನಿದ್ರೆ ಹೇಳುತ್ತೆ."

ಠಕ್! ಬೀಗ ಬಿಟ್ಟುಕೊಂಡಿತು. ಅವನು ನಕ್ಕ. ಅವಳ ಎದೆಯೊಳಗೂ ಏನೋ ಸಡಿಲವಾದ ಹಾಗಾಯಿತು... 'ಛೆ! ಮೊದಲ ದಿನವೇ ಇದೇನು?'

ಆ ನಗುವನ್ನು ಅವಳು ಒಂದು ಗಂಟೆಯೊಳಗೆ ದ್ವೇಷಿಸತೊಡಗಿದಳು.

ಮೊದಲ ವರ್ಷದ ಇಂಗ್ಲಿಷ್ ಬರವಣಿಗೆ ಕ್ಲಾಸು ಅಂದರೆ ಸ್ಪೆಲ್ಲಿಂಗ್ ತಿದ್ದುತ್ತಾರೆ, ಎರಡು ಪತ್ರ ಬರೆಸುತ್ತಾರೆ ಅಂದುಕೊಂಡು ಬರುತ್ತಾರೆ ಎಲ್ಲರೂ. ನಾನು ನಾಲ್ಕನೇ ಕ್ಲಾಸು ದಾಟಿದವಳಲ್ಲ, ಆದರೂ ಬಾಗಿಲ ಹೊರಗೆ ಕೂತು ಅಷ್ಟು ವರ್ಷ ಕೇಳಿದ್ದೇನೆ. ಅಲ್ಲಿ ಕಲಿಸುವುದು ಬೇರೆ. ಬರೆದದ್ದನ್ನು ಹೊಡೆದುಹಾಕಿ ಮತ್ತೆ ಬರೆಯುವುದು, ಅದನ್ನೂ ಹೊಡೆದುಹಾಕಿ ಮೂರನೇ ಸಲ ಬರೆಯುವುದು. ನಿನ್ನ ಮಾತು ಯಾವುದು, ಇನ್ನೊಬ್ಬರ ಮಾತು ಯಾವುದು ಅಂತ ಗೆರೆ ಎಳೆದು ತೋರಿಸುವುದು.

ಮೇಡಂ ಅವತ್ತು ಎಲ್ಲರ ಕೈಯಲ್ಲೂ ಒಂದು ಪುಟ ಬರೆಸಿದರು. ಆಮೇಲೆ ಹಾಳೆಗಳನ್ನು ಕಲಸಿ ಹಂಚಿದರು.

"ಯಾರ ಹಾಳೆ ಯಾರಿಗೆ ಬರುತ್ತೋ ಅವರೇ ವರ್ಷಪೂರ್ತಿ ಜೋಡಿ. ಎದ್ದು ನಿಂತು ಗಟ್ಟಿಯಾಗಿ ಓದಿ. ನಿಮ್ಮ ವಾಕ್ಯ ಬೇರೆಯವರ ಬಾಯಲ್ಲಿ ಕೇಳಿದ್ರೆ ತಪ್ಪು ನಿಮಗೇ ಗೊತ್ತಾಗುತ್ತೆ."

ಅವಳ ಹಾಳೆ ಹಿಟ್ಟಿನ ಹುಡುಗನಿಗೆ ಹೋಯಿತು.

ಅವಳು ಬರೆದದ್ದು ಅಪ್ಪನ ಬಗ್ಗೆ. ಬೀಗ ರಿಪೇರಿಯ ಅಪ್ಪ. ಕಿವಿಯಿಂದಲೇ ಬೀಗ ತೆಗೆಯುತ್ತಿದ್ದವನು. ತೀರಿಹೋಗಿ ಏಳು ತಿಂಗಳಾಗಿತ್ತು. ಚಿಕ್ಕಪ್ಪನ ಜೊತೆ ಅಂಗಡಿಯಲ್ಲಿ ಕೂರುವವಳು ಈಗ ಅವಳೇ.

ಅವನು ಎದ್ದು ಓದಿದ. ಒಂದು ಪದ. ನಿಂತ. ಅದೇ ಪದ ಮತ್ತೆ. ಮತ್ತೆ ನಿಂತ. ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು. ಇನ್ನೊಂದು ಸಾಲಿಗೆ ಇಡೀ ಕೋಣೆ ಗೊಳ್ಳೆಂದಿತು!

ಮುಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದವಳ ಕಿವಿ ಕೆಂಡವಾಯಿತು. 'ಬೇಕಂತಲೇ ತಡೆದು ತಡೆದು ಓದ್ತಿದ್ದಾನೆ! ನನ್ನ ತಪ್ಪು ಒಂದೊಂದನ್ನೂ ಎತ್ತಿ ತೋರಿಸ್ತಿದ್ದಾನೆ! ನನ್ನ ಅಪ್ಪನ ಮೇಲೆ ನಗಿಸ್ತಿದ್ದಾನೆ!'

ಗಂಟೆ ಹೊಡೆದ ಮೇಲೆ ಅವನ ಕೈಯಿಂದ ಹಾಳೆ ಕಿತ್ತುಕೊಂಡಳು.

"ಕ್ಷಮಿಸಿ, ನಾನು ಸರಿಯಾಗಿ..."

"ಮಾತಾಡಬೇಡಿ! ನಗಿಸಿದ್ದು ಸಾಲದಾ?"

ಎಂಟು ತುಂಡು ಮಾಡಿ ಬುಟ್ಟಿಗೆ ಹಾಕಿ ಹೊರಟುಹೋದಳು.

ನಾನು ಬುಟ್ಟಿ ಎತ್ತಲು ಹೋದಾಗ ಆ ಹುಡುಗ ಬಗ್ಗಿ ತುಂಡುಗಳನ್ನು ಆಯುತ್ತಿದ್ದ. ನನ್ನನ್ನು ನೋಡಿ ನಾಚಿದ. ನಾನು ಯಾರಿಗೂ ಹೇಳಲಿಲ್ಲ. ಕೇಳದೆ ಹೇಳುವ ಅಭ್ಯಾಸ ನನಗಿಲ್ಲ. ಆ ಒಂದು ಅಭ್ಯಾಸದಿಂದ ಎಷ್ಟು ಬೆಂಕಿ ಹತ್ತಿತು ಅಂತ ಈಗ ಅನ್ನಿಸುತ್ತದೆ.

ಅಂಗಡಿಯಲ್ಲಿ ಅವಳು ಡಿಕ್ಷನರಿ ಹಿಡಿದು ಕೂತಳು. ಒಂದು ಕೈಯಲ್ಲಿ ಅರ, ಒಂದು ಕೈಯಲ್ಲಿ ಪುಸ್ತಕ.

"ಏನೇ ಇದು, ಇಂಗ್ಲಿಷು ಕಲಿತು ಬೀಗಕ್ಕೆ ಇಂಗ್ಲಿಷಲ್ಲಿ ಬೈತೀಯಾ?" ಅಂದ ಚಿಕ್ಕಪ್ಪ.

"ಬೀಗಕ್ಕಲ್ಲ ಚಿಕ್ಕಪ್ಪ. ಒಬ್ಬ ಮನುಷ್ಯನಿಗೆ."

"ಅಯ್ಯೋ ಪಾಪ! ಯಾರವ್ವ ಆ ಪುಣ್ಯಾತ್ಮ?"

ಅವಳು ನಗಲಿಲ್ಲ. ಅರ ತಿಕ್ಕುವ ಸದ್ದು ಮಾತ್ರ ಜೋರಾಯಿತು.

ಮೇಡಂ ನಿಯಮ ಒಂದಿತ್ತು. ಪ್ರತಿ ಬರಹದ ಎರಡನೇ ಡ್ರಾಫ್ಟು ಜೋಡಿಯ ಕೈಗೆ ಹೋಗಬೇಕು. ಜೋಡಿಯವರು ಅಂಚಿನಲ್ಲಿ ಒಂದು ಒಳ್ಳೆಯ ಮಾತು, ಎರಡು ಪ್ರಶ್ನೆ ಬರೆಯಬೇಕು. ಸೇಡಿಗೆ ಇದಕ್ಕಿಂತ ಒಳ್ಳೆಯ ಆಯುಧ ಬೇಕೇ?

ಒಳ್ಳೆಯ ಮಾತಿನ ಜಾಗದಲ್ಲಿ ಅವಳು ಬರೆದಳು: 'ಇಲ್ಲ.' ಪ್ರಶ್ನೆ ಎರಡಲ್ಲ, ಹದಿನೇಳು! 'ಈ ಪ್ಯಾರಾ ಯಾಕಿದೆ? ಇದನ್ನು ಓದುವವರಿಗೆ ಬೇರೆ ಕೆಲಸ ಇಲ್ಲವೇ? ಸ್ಪಷ್ಟವಾಗಿಲ್ಲ. ಮತ್ತೆ ಬರೆಯಿರಿ. ಸ್ಪಷ್ಟವಾಗಿಲ್ಲ. ಮತ್ತೆ ಬರೆಯಿರಿ.' ಒಂದು ಕಾಮಾ ತಪ್ಪಿದರೂ ಅವಳ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಹಾಳೆಗೆ ಅಂಟಿದ ಹಿಟ್ಟಿನ ಕಲೆಗೂ ಸುತ್ತ ಕೆಂಪು ಗೆರೆ ಹಾಕಿ 'ಕೈ ತೊಳೆದು ಬರೆಯಿರಿ' ಅಂದಳು.

ಅವಳ ಹಾಳೆ ವಾಪಸ್ ಬಂದಾಗ ಅಂಚಿನಲ್ಲಿ ಪ್ರತಿ ಸಲವೂ ಒಂದು ಒಳ್ಳೆಯ ಮಾತು ಇರುತ್ತಿತ್ತು. 'ಈ ಸಾಲು ಓದಿ ಬೆಳಿಗ್ಗೆಯೆಲ್ಲ ಇದನ್ನೇ ನೆನೆಸಿಕೊಂಡೆ.'

'ನಾಟಕ!' ಅವಳು ಹಲ್ಲು ಕಚ್ಚಿದಳು. 'ಬೆಣ್ಣೆ ಹಚ್ಚಿ ಕತ್ತು ಕೊಯ್ಯೋನು!'

ಇನ್ನೂ ಉರಿಸಿದ್ದು ಇನ್ನೊಂದು. ಅವಳು ಚುಚ್ಚಿದ ಹದಿನೇಳೂ ಕಡೆ ಅವನು ತಿದ್ದುತ್ತಿದ್ದ. ಅವನ ಅಂಕ ತಿಂಗಳು ತಿಂಗಳು ಏರುತ್ತಿತ್ತು!

ಕಾರಿಡಾರಿನಲ್ಲಿ ಒಂದು ದಿನ ಎದುರಾದ. "ರೀ, ತುಂಬಾ ಥ್ಯಾಂಕ್ಸ್. ನಿಮ್ಮ ಬೈಗುಳದಿಂದ ಪಾಸಾಗ್ತಿದ್ದೀನಿ."

"ಪಾಸಾಗಲಿ ಅಂತ ಬೈಯಲಿಲ್ಲ."

"ಗೊತ್ತು," ಅಂದ ಮೆತ್ತಗೆ. ಆ ಕಣ್ಣಲ್ಲಿ ವ್ಯಂಗ್ಯ ಹುಡುಕಿದಳು. ಸಿಗಲಿಲ್ಲ. ಸಿಗದಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು... ಅಥವಾ ಅದು ಬರೀ ಸಿಟ್ಟೇ ಆಗಿತ್ತಾ?

ಕೊನೆಯ ಬರಹ ಬಂತು. ಬೇರೆಯವರ ಮಾತುಗಳನ್ನು ಆಧಾರ ಹಿಡಿದು ಬರೆಯುವ ಬರಹ. ಕದ್ದರೆ ಕ್ಷಮೆ ಇಲ್ಲ, ಕಾಲೇಜಿನಿಂದಲೇ ಹೆಸರು ಹೊಡೆದುಹಾಕುತ್ತಾರೆ ಅಂತ ಮೇಡಂ ಮೂರು ಸಲ ಹೇಳಿದ್ದರು.

ಅವನು ತಾನು ಕೆಲಸ ಮಾಡುವ ಬೇಕರಿಯ ಬಗ್ಗೆ ಬರೆದಿದ್ದ. ಬ್ರೆಡ್ಡಿನ ತಳ ತಟ್ಟಿ, ಬರುವ ಸದ್ದಿನಿಂದಲೇ ಬೆಂದಿದೆಯೋ ಇಲ್ಲವೋ ತಿಳಿಯುವ ಬಗೆ. ಓದುತ್ತಾ ಅವಳು ಮೂರನೇ ಪುಟಕ್ಕೆ ಬಂದಳು. ಕೈ ನಿಂತಿತು.

'ಬೀಗ ಸುಳ್ಳು ಹೇಳುವುದಿಲ್ಲ. ಕೇಳುವವರಿಗೆ ಅವಸರ ಇರಬಾರದು, ಅಷ್ಟೇ.'

ಅವಳ ಸಾಲು! ಹರಿದು ಹಾಕಿದ ಹಾಳೆಯ ಸಾಲು! ಒಂದಲ್ಲ, ನಾಲ್ಕು!

'ಸಿಕ್ಕಿಬಿದ್ದೆ! ನಗಿಸಿದ್ದೂ ಅಲ್ಲದೆ ಕದ್ದೂ ಇದ್ದೀಯ! ಉಪ್ಪು ತಿಂದವನು ನೀರು ಕುಡಿಯಲೇಬೇಕು.'

ಗುರುವಾರ ಮೇಡಂ ಮೇಜಿನ ಮೇಲೆ ದೂರು ಇಟ್ಟಳು. ಒಂದೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ! ಶುಕ್ರವಾರ ಇಬ್ಬರಿಗೂ ಕರೆ ಬಂತು. ನಾನು ನೀರು ಇಡಲು ಒಳಗೆ ಹೋದವಳು ಅಲ್ಲೇ ಉಳಿದೆ.

"ಈ ನಾಲ್ಕು ಸಾಲು ನಿಮ್ಮದಾ?" ಮೇಡಂ ಕೇಳಿದರು.

"ಅಲ್ಲ ಮೇಡಂ," ಅಂದ ಅವನು.

ಅವಳ ಮುಖದಲ್ಲಿ ಗೆಲುವು ಹೊಳೆಯಿತು. ಆ ಹೊಳಪು ನೋಡಿ ನನಗೆ ಹೆದರಿಕೆಯಾಯಿತು.

ಮೇಡಂ ಹಾಳೆಯನ್ನು ಅವಳ ಕಡೆ ತಿರುಗಿಸಿದರು. "ಪ್ರತಿ ಸಾಲಿನ ಕೊನೆಗೆ ಏನಿದೆ, ನೋಡಿ."

ನೋಡಿದಳು. ಕೊನೆಯ ಅಕ್ಷರದ ತಲೆಯ ಮೇಲೆ, ಇರುವೆಯಷ್ಟು ಚಿಕ್ಕದಾಗಿ, '1' ಅಂತ ಅಂಕಿ. ನಾಲ್ಕೂ ಕಡೆ. ಕಾಮಾ ಬಿಡದ ಕಣ್ಣು, ಹಿಟ್ಟಿನ ಕಲೆ ಬಿಡದ ಕಣ್ಣು ಇದನ್ನು ಬಿಟ್ಟುಬಿಟ್ಟಿತ್ತು!

"ಅಂಕಿ ಇದ್ದ ಮೇಲೆ ಯಾರ ಮಾತು ಅಂತ ಹೇಳೋ ಕೊನೇ ಹಾಳೆ ಇರಬೇಕಲ್ಲ? ಅದೆಲ್ಲಿ?"

ಅವನು ತಲೆ ತಗ್ಗಿಸಿದ. "ಇವರಿಗೆ ಕೊಡೋ ಧೈರ್ಯ ಬರಲಿಲ್ಲ ಮೇಡಂ." ಚೀಲದಿಂದ ಮಡಚಿದ ಹಾಳೆ ತೆಗೆದ. ಅದರ ಜೊತೆ ಇನ್ನೊಂದೂ ಬಂತು. ಎಂಟು ತುಂಡು, ಟೇಪು ಹಚ್ಚಿ ಜೋಡಿಸಿದ್ದು.

ಮೇಡಂ ಓದಿದರು. "'ಒಂದು. ನನ್ನ ಜೋಡಿ ಬರೆದ ಮೊದಲ ಬರಹ. ಕಸದ ಬುಟ್ಟಿಯಿಂದ ಎತ್ತಿದ್ದು. ಇದನ್ನು ಕ್ಲಾಸಿನಲ್ಲಿ ಓದಿದ್ದು ನಾನು. ನನಗೆ ಇಂಗ್ಲಿಷ್ ಕಣ್ಣಿಗೆ ಬರುತ್ತೆ, ಬಾಯಿಗೆ ಬರಲ್ಲ. ಎಲ್ಲರೂ ನಕ್ಕಿದ್ದು ನನ್ನ ನಾಲಿಗೆಗೆ. ಬರಹಕ್ಕೆ ಯಾರೂ ನಗಲಿಲ್ಲ.'"

ಅವಳು ಟೇಪಿನ ಹಾಳೆಯನ್ನು ಕೈಗೆತ್ತಿಕೊಂಡಳು.

ಅವಳು ನನ್ನ ಕಡೆ ತಿರುಗಿದಳು. "ಆಯಮ್ಮ... ನೀವಿದ್ರಲ್ಲ ಅವತ್ತು. ಹೌದಾ?"

"ಹೌದು ಕಣವ್ವ. ಬಾಗಿಲಲ್ಲೇ ಇದ್ದೆ. ಅವನ ಕಿವಿ ನಿನ್ನ ಕಿವಿಗಿಂತ ಕೆಂಪಾಗಿತ್ತು. ನೀನು ತಲೆ ಎತ್ತಿ ನೋಡಲಿಲ್ಲ."

'ಬೀಗಕ್ಕೆ ಕಿವಿ ಕೊಡೋಳು ನಾನು... ಮನುಷ್ಯನಿಗೆ ಕೊಡಲಿಲ್ಲವಲ್ಲ!' ಕಣ್ಣೀರು ತಡೆಯದಾಯಿತು.

"ಮೇಡಂ, ದೂರು ವಾಪಸ್ ಕೊಡಿ. ಹರಿದುಹಾಕ್ತೀನಿ."

"ಹರಿಯೋದು ಸಾಕು," ಅಂದರು ಮೇಡಂ. "ಬರೆದು ಕೊಟ್ಟದ್ದನ್ನ ಬರೆದೇ ವಾಪಸ್ ತಗೋಬೇಕು. ಡ್ರಾಫ್ಟು ಮೊದಲು ಜೋಡಿಗೆ, ಆಮೇಲೆ ನನಗೆ. ನೀವೂ ಅಷ್ಟೇ ಸ್ವಾಮಿ, ಕೊನೇ ಹಾಳೆ ಬಚ್ಚಿಟ್ಟಿದ್ದಕ್ಕೆ ಐದು ಅಂಕ ಹೋಯ್ತು."

ಶನಿವಾರ ಕೊನೆಯ ಕ್ಲಾಸು. ಎಲ್ಲರೂ ಹೋದರು, ಇಬ್ಬರು ಉಳಿದರು. ದೂರು ವಾಪಸ್ ತೆಗೆದುಕೊಳ್ಳುವ ಪತ್ರವನ್ನು ಅವಳು ಅವನಿಗೆ ನೀಡಿದಳು. ಅವನು ಅಂಚಿನಲ್ಲಿ ಬಹಳ ಹೊತ್ತು ಬರೆದು ಕೊಟ್ಟ.

'ಒಳ್ಳೆಯ ಮಾತು: ಈ ಪತ್ರದಲ್ಲಿ ಸಿಟ್ಟು ಇಲ್ಲ. ಪ್ರಶ್ನೆ ಒಂದು: ಕ್ಷಮಿಸಿ ಅಂತ ನಾಲ್ಕು ಸಲ ಇದೆ, ಒಂದು ಸಾಲದೇ? ಪ್ರಶ್ನೆ ಎರಡು: ಮುಂದಿನ ವರ್ಷವೂ ನಾವು ಜೋಡಿ ಆಗಿರಬಹುದೇ?'

ಅವಳು ಕೆಂಪು ಪೆನ್ನು ತೆಗೆದಳು. ಎರಡನೇ ಪ್ರಶ್ನೆಯ ಪಕ್ಕ ಬರೆದಳು: 'ಸ್ಪಷ್ಟವಾಗಿಲ್ಲ. ಮತ್ತೆ ಬರೆಯಿರಿ.'

ಅವನು ಬೆಚ್ಚಿ ನೋಡಿದ. ಅವಳ ತುಟಿಯಂಚಿನಲ್ಲಿ ಸಣ್ಣ ನಗು. 'ಮುಂದಿನ ವರ್ಷ' ಅನ್ನುವುದನ್ನು ಹೊಡೆದುಹಾಕಿ ಅವನು ಇಂಗ್ಲಿಷಿನಲ್ಲಿ ಬೇರೆ ಸಾಲು ಬರೆದ.

"ಈಗ ಓದು. ಗಟ್ಟಿಯಾಗಿ," ಅಂದಳು.

'ನೀವು' ಹೋಗಿ 'ನೀನು' ಬಂದಿತ್ತು. ಇಬ್ಬರಿಗೂ ಗೊತ್ತಾಯಿತು.

"ನನ್ನ ನಾಲಿಗೆ ತಡೆಯುತ್ತೆ... ಹೊತ್ತಾಗುತ್ತೆ."

"ಆಗಲಿ. ನನಗೆ ಅವಸರ ಇಲ್ಲ."

ಅವನು ಓದಿದ. ಒಂದು ಪದ. ನಿಂತ. ಮತ್ತೆ ಅದೇ ಪದ. ಅವಳು ಕಣ್ಣು ಮುಚ್ಚಿ, ಬೀಗ ಕೇಳುವ ಹಾಗೆ ಕೇಳಿದಳು. ಸಾಲು ಮುಗಿದಾಗ ಹೂಂ ಅಂದಳು.

"ಇಷ್ಟು ಬೈದೆ, ದೂರು ಕೊಟ್ಟೆ... ನೀನು ಸೇಡು ತೀರಿಸಿಕೊಳ್ಳಲ್ವಾ?"

"ತೀರಿಸ್ಕೊಳ್ತೀನಿ," ಅಂದ. "ನಿಧಾನವಾಗಿ. ಹದಿನೇಳು ಪ್ರಶ್ನೆ ಬಾಕಿ ಇದೆ."

ಆ ಶನಿವಾರ ಮಧ್ಯಾಹ್ನ ಒಂದೂಕಾಲಿಗೆ ಇಬ್ಬರೂ ಮೆಟ್ಟಿಲಿಳಿದು ಹೋದರು, ಟೇಪಿನ ಹಾಳೆ ಅವಳ ಕೈಯಲ್ಲಿ. ಬೋರ್ಡ್ ಒರೆಸಿ ಬಾಗಿಲು ಹಾಕಿದವಳು ನಾನು.