ಮೂವತ್ತು ಮನೆಗಳ ಮಾತು ಹೊತ್ತ ದ್ಯಾವಮ್ಮ

ಬೆಟ್ಟಗಳಿಗೂ ಉಸಿರಾಟವಿದ್ದ ಕಾಲದಲ್ಲಿ ಸಿರಿವರ ಎಂಬ ರಾಜ್ಯವಿತ್ತು. ಅದರ ಬಡಗಣ ಗಡಿಯಲ್ಲಿ ಹಿಮದ ಕಣಿವೆ, ಕಣಿವೆಯಾಚೆ ಒಂದು ಕೋಟೆ. ಹರವಿ ಎಂಬ ಊರಿನ ಮೂವತ್ತು ಮನೆಗಳಿಂದ ಮೂವತ್ತು ಮಂದಿ ಆ ಕೋಟೆ ಕಾಯಲು ಹೋಗಿದ್ದರು. ಅವರಲ್ಲಿ ಬೈರಲಿಂಗನೂ ಒಬ್ಬ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ ದ್ಯಾವಮ್ಮ. ಅವಳು ಮಡಕೆ ಮಾಡಿ ಬದುಕುತ್ತಿದ್ದಳು.

ವರ್ಷ ತುಂಬಿತು. ಮನೆಯವರು ಕಳಿಸಿದ ಓಲೆಗಳೆಲ್ಲ ಕೋಟೆಗೆ ಬರಿದಾಗಿ ಮುಟ್ಟುತ್ತಿದ್ದವು. ಕಣಿವೆಯಲ್ಲಿ ನುಡಿನುಂಗನೆಂಬ ಮಾಂತ್ರಿಕ ಕೂತಿದ್ದ. ಅವನು ಉಫ್ ಎಂದು ಊದಿದರೆ ಸಾಕು, ಅಕ್ಷರಗಳು ಹಾರಿ ಅವನ ಜೋಳಿಗೆ ಸೇರುತ್ತಿದ್ದವು. ಮನೆಯವರು ತಮ್ಮನ್ನು ಮರೆತರೆಂದು ನೊಂದು, ಕಾವಲಿನವರು ಕೂತಲ್ಲೇ ಕಲ್ಲಾದರು.

ಓಲೆಕಾರ ಮರಿಯಜ್ಜ ಬಂದು ದ್ಯಾವಮ್ಮನಿಗೆ ಇದನ್ನೆಲ್ಲ ಹೇಳಿದ. "ಮನೆಯ ಮಾತು ಕಿವಿಗೆ ಬಿದ್ದರೆ ಅವರು ಮತ್ತೆ ಮನುಷ್ಯರಾಗುತ್ತಾರೆ. ಮನಸ್ಸಿನಲ್ಲಿ ಹೊತ್ತ ಮಾತನ್ನು ಅವನು ಕದಿಯಲಾರ ಕಣವ್ವಾ. ಆದರೆ ದಾರಿಯಲ್ಲಿ ಬಾಯಿಬಿಟ್ಟರೆ ಒಂದು ಮನೆಯ ಸುದ್ದಿ ಹಾರಿಹೋಗುತ್ತೆ."

"ಹಾಗಾದರೆ ನೀವೇ ಯಾಕೆ ಹೋಗಬಾರದು ಅಜ್ಜಾ?"

"ಬಾಯಿ ಮುಚ್ಚಿಕೊಂಡು ಇರೋದು ನನ್ನ ಕೈಲಾಗುತ್ತಾ ತಾಯಿ?"

ದ್ಯಾವಮ್ಮ ನಕ್ಕಳು. ಮನೆಮನೆಗೂ ಹೋಗಿ ಮಾತುಗಳನ್ನು ಬಾಯಿಪಾಠ ಮಾಡಿಕೊಂಡಳು. ಚಕ್ರದಿಂದ ಹಸಿ ಮಡಕೆ ಕೊಯ್ದು ತೆಗೆಯುವ ದಾರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು.

ಕಣಿವೆಯ ಬಾಗಿಲಲ್ಲಿ ಮಂಜಿನ ಹುಲಿ ಅಡ್ಡ ನಿಂತಿತು. "ಯಾರು ನೀನು? ಹೇಳು, ಇಲ್ಲ ತಿಂದುಬಿಡುತ್ತೇನೆ!" ದ್ಯಾವಮ್ಮ ಹೆದರಿದರೂ ತುಟಿ ಬಿಚ್ಚಲಿಲ್ಲ. ಹುಲಿ ಕರಗಿಹೋಯಿತು.

ಮುಂದೆ ಏಳು ಹೆಡೆಯ ನಾಗರಾಣಿ ಬಂದಳು. "ಬೇಕು ಅಂತ ಒಂದು ಮಾತು ಹೇಳು, ಈ ನವರತ್ನದ ಸರ ನಿನ್ನದೇ." ದ್ಯಾವಮ್ಮ ಸರವನ್ನು ಒಂದು ಗಳಿಗೆ ಆಸೆಯಿಂದಲೇ ನೋಡಿದಳು. ತುಟಿ ಬಿಚ್ಚಲಿಲ್ಲ. ನಾಗರಾಣಿ ದಾರಿ ಬಿಟ್ಟಳು.

ಇನ್ನೂ ಮುಂದೆ, ಬಂಡೆಯ ಮರೆಯಿಂದ ನರಳುವ ದನಿ ಕೇಳಿತು. "ಅಕ್ಕಾ, ಬಿದ್ದುಬಿಟ್ಟೆ. ಎತ್ತಿಕೊಳ್ಳೇ ಅಕ್ಕಾ!"

ಅದು ಬೈರಲಿಂಗನ ದನಿ. "ಅಯ್ಯೋ, ಎಲ್ಲಿದ್ದೀಯೋ ಕಂದಾ?" ಎಂದು ಕೂಗಿಬಿಟ್ಟಳು. ಬಂಡೆಯ ಹಿಂದೆ ನುಡಿನುಂಗ ಗಹಗಹಿಸಿ ನಕ್ಕ. ಅವಳದೇ ಮನೆಯ ಸುದ್ದಿ ಹಾರಿ ಜೋಳಿಗೆ ಸೇರಿತು. ಮನೆಯಲ್ಲಿ ಏನೋ ಒಳ್ಳೆಯದಾಗಿದೆ ಎಂಬುದಷ್ಟೇ ನೆನಪು, ಏನೆಂದು ನೆನಪಿಲ್ಲ. ಉಳಿದ ಇಪ್ಪತ್ತೊಂಬತ್ತಾದರೂ ಮುಟ್ಟಲಿ ಎಂದು ಸೆರಗಿನಿಂದ ಬಾಯಿ ಬಿಗಿದುಕೊಂಡು, ಅಳುತ್ತಲೇ ನಡೆದಳು.

ಕೋಟೆಯಲ್ಲಿ ಮೂವತ್ತು ಕಲ್ಲುಗಳು ಕೂತಿದ್ದವು. ಅವಳು ಒಂದೊಂದರ ಕಿವಿಯಲ್ಲೂ ಹೇಳುತ್ತ ಹೋದಳು.

"ಕೆಂದ ಹಸು ಕರು ಹಾಕಿದೆ. ನಿನ್ನ ಪಾಲಿನ ಗಿಣ್ಣು ಎತ್ತಿಟ್ಟಿದ್ದೆ, ತಡೆಯಲಾರದೆ ನಾನೇ ತಿಂದೆ."

"ಜಗಳ ಆಡಿಕೊಂಡು ಹೋದೆಯಲ್ಲ ಮಗನೇ, ನನಗೆ ಸಿಟ್ಟಿಲ್ಲ. ನಿನಗಿದೆಯಾ?"

ಒಂದು ಕಲ್ಲು ನಕ್ಕಿತು, ಒಂದು ಬಿಕ್ಕಿತು. ಇಪ್ಪತ್ತೊಂಬತ್ತು ಮಂದಿ ಎದ್ದು ನಿಂತರು. ಬೈರಲಿಂಗ ಮಾತ್ರ ಕಲ್ಲಾಗಿಯೇ ಇದ್ದ. ದ್ಯಾವಮ್ಮ ಅವನ ತಣ್ಣನೆಯ ಕೆನ್ನೆ ಸವರಿದಳು. ಹೇಳಲು ಅವಳಲ್ಲಿ ಏನೂ ಇರಲಿಲ್ಲ.

"ಅಳಬೇಡ ಅಕ್ಕಾ, ನಡಿ, ಅವನು ಕದ್ದ ಮಾತನ್ನು ಬಿಡಿಸಿಕೊಂಡು ಬರೋಣ," ಎಂದರು ಎಲ್ಲರೂ.

ಅವರು ಬರುವುದನ್ನು ಕಂಡು ನುಡಿನುಂಗ ಊದಿದ, ಮತ್ತೆ ಊದಿದ, ಮೂರನೆಯ ಸಲ ಉಸಿರೆಲ್ಲ ಕೂಡಿಸಿ ಊದಿದ. ಮುಟ್ಟಬೇಕಾದವರಿಗೆ ಮುಟ್ಟಿದ ಮಾತು ಅಲುಗಲಿಲ್ಲ. ಅವರು ಅವನ ಕೈಕಾಲು ಹಿಡಿದರು. ದ್ಯಾವಮ್ಮ ದಾರ ತೆಗೆದು ಜೋಳಿಗೆಯನ್ನು ಸರ್ರನೆ ಕೊಯ್ದಳು. ಮಾತುಗಳು ಜೇನುಹುಳುಗಳಂತೆ ಹೊರಗೆ ಹಾರಿದವು. ನುಡಿನುಂಗ ಬರಿಯ ಗಾಳಿಯಾಗಿ ಸೋರಿಹೋದ.

ಕೋಟೆಯಲ್ಲಿ ಬೈರಲಿಂಗನ ಕಿವಿಗೆ ಹೆಂಡತಿ ಚಂಪಿಯ ದನಿ ಬಿತ್ತು. "ಹೆಣ್ಣು ಮಗು ಹುಟ್ಟಿದೆ ಕಣ್ರೀ. ನಿಮ್ಮ ಹಾಗೇ ನಿದ್ದೆಯಲ್ಲಿ ಹುಬ್ಬು ಗಂಟು ಹಾಕುತ್ತೆ. ನೀವು ಹೆಸರು ಹೇಳಿ ಕಳಿಸೋವರೆಗೂ ನಾಮಕರಣ ಮಾಡೋದಿಲ್ಲ."

ಅಕ್ಕ ಓಡೋಡಿ ಬರುವಷ್ಟರಲ್ಲಿ ಅವನು ಬಾಗಿಲಲ್ಲೇ ನಿಂತಿದ್ದ. "ಅಕ್ಕಾ, ಮಗಳಿಗೆ ದ್ಯಾವಮ್ಮ ಅಂತ ಹೆಸರಿಡೋಕೆ ಹೇಳು!"

"ನನ್ನ ಹೆಸರನ್ನ ನಾನೇ ಹೋಗಿ ಹೇಳಬೇಕೇನೋ? ನಾಚಿಕೆಯಾಗುತ್ತೆ," ಎಂದಳು. ಆದರೂ ಊರು ಸೇರಿ, ಮೂವತ್ತೂ ಮನೆಗಳಿಗೆ ಕಾವಲಿನವರ ಉತ್ತರ ಮುಟ್ಟಿಸಿ, ಕೊನೆಯಲ್ಲಿ ಚಂಪಿಯ ಕಿವಿಯಲ್ಲಿ ಪಿಸುಗುಟ್ಟಿದಳು.

ರಾಜ ಕಣಿವೆಯುದ್ದಕ್ಕೂ ಓಲೆಕಾರರ ಚಾವಡಿ ಕಟ್ಟಿಸಿದ. ಹುಣ್ಣಿಮೆ ಹುಣ್ಣಿಮೆಗೂ ಅತ್ತಿಂದಿತ್ತ ಮಾತು ಹರಿಯಿತು. ಪಾಳಿ ಮುಗಿದ ಮೂವತ್ತು ಮಂದಿಯೂ ಮನೆಗೆ ಮರಳಿದರು. ಪುಟ್ಟ ದ್ಯಾವಮ್ಮ ಅಪ್ಪನ ಹೆಗಲೇರಿದಳು. ಅವರೆಲ್ಲ ಬಹುಕಾಲ ಸುಖವಾಗಿ, ಬಾಯ್ತುಂಬ ಮಾತಾಡಿಕೊಂಡು ಬಾಳಿದರು.