ಬೆಡಗು ಕೇಳಲು ಬಂದವನು

“ನೀವು ಭಾತಂಬ್ರಾದವರೇನ್ರಿ?”

ಸಿದ್ದೇಶ್ವರಿಯ ಪೆನ್ನು ಅಲ್ಲೇ ನಿಂತಿತು.

ಬೀದರಿನ ಆ ವಾಚನಾಲಯದಲ್ಲಿ ಅವಳ ಊರಿನ ಹೆಸರು ಬಲ್ಲವಳು ಒಬ್ಬಳೇ. ಪಕ್ಕದ ಕುರ್ಚಿಯಲ್ಲಿ ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದ ಗೆಳತಿ ಮುಸರ್ರತ. ಆದರೆ ಪ್ರಶ್ನೆ ಬಂದದ್ದು ಎದುರಿನಿಂದ, ಗಂಡು ದನಿಯಲ್ಲಿ.

ಅವಳು ತಲೆಯೆತ್ತಿದಳು. ಎದುರಿಗೆ ಕುಳಿತ ತರುಣನ ಮುಂದೆ ಅವಳ ಕೈಯಲ್ಲಿದ್ದ ಪುಸ್ತಕವೇ ಇತ್ತು. ಕಾನೂನು ಶಾಲೆಯ ಪ್ರವೇಶ ಪರೀಕ್ಷೆಗೆ ಎಲ್ಲರೂ ಕೊಳ್ಳುವ ದಪ್ಪ ಪುಸ್ತಕ. ಅವಳದು ಓದಿ ಓದಿ ಅಂಚು ಮಾಸಿತ್ತು. ಅವನದು ಅಂಗಡಿಯಿಂದ ಈಗಷ್ಟೇ ಎದ್ದು ಬಂದಂತಿತ್ತು.

“ಯಾರ್ರೀ ನೀವು?”

“ಸುಶೀಲಕುಮಾರ. ನಾನೂ ಇದೇ ಪರೀಕ್ಷಾಕ್ಕ ಓದ್ಲಾಕತ್ತೇನ್ರಿ.”

“ಪೆನ್ ಇಲ್ದೆ?”

ಅವನು ಜೇಬು ಮುಟ್ಟಿ ನೋಡಿಕೊಂಡ. “ಮರತು ಬಂದೇನ್ರಿ.”

“ನಮ್ಮೂರು ಹ್ಯಾಂಗ ಗೊತ್ತಾತು?”

“ನಿಮ್ಮ ಮಾತಿನ ಧಾಟಿ ಮ್ಯಾಲ...”

“ನೀವು ಕೇಳೋ ತನಕ ನಾ ಬಾಯೇ ತೆರದಿದ್ದಿಲ್ಲಲ್ರೀ.”

ಮುಸರ್ರತ ದುಪಟ್ಟಾದ ಅಂಚನ್ನು ಬಾಯಿಗೊತ್ತಿಕೊಂಡಳು. “ಪಕಡಾ ಗಯಾ ಬೇಚಾರಾ,” ಎಂದು ಪುಸ್ತಕದೊಳಗೇ ನಕ್ಕಳು.

ಅವನು ಕೆಂಪಾದ. ತಪ್ಪು ಮಾಡಿದವನು ಕೆಂಪಾಗುವುದಕ್ಕೂ ನಾಚಿದವನು ಕೆಂಪಾಗುವುದಕ್ಕೂ ವ್ಯತ್ಯಾಸವುಂಟು. ಆ ಕ್ಷಣದಲ್ಲಿ ಸಿದ್ದೇಶ್ವರಿಗೆ ಅದು ತಿಳಿಯಲಿಲ್ಲ. ಅವಳಿಗೆ ತಿಳಿದದ್ದು ಇಷ್ಟೇ: ಈ ಮನುಷ್ಯ ಓದಲು ಬಂದವನಲ್ಲ.

ಹಾಗಾದರೆ... ಯಾತಕ್ಕೆ ಬಂದಿದ್ದಾನೆ?

ಸಂಶಯ ಪಡಲು ಅವಳಿಗೆ ಕಾರಣವಿತ್ತು.

ಸಿದ್ದೇಶ್ವರಿ ಬಿ.ಎ. ಮುಗಿಸಿ ಬೀದರಿನ ಚಿದ್ರಿ ಬಡಾವಣೆಯಲ್ಲಿ ಸೋದರತ್ತೆ ಶಾಂತಾಬಾಯಿಯ ಮನೆಯಲ್ಲಿದ್ದುಕೊಂಡು ಓದುತ್ತಿದ್ದಳು. ವಕೀಲಳಾಗುವ ಹಟ ಹುಟ್ಟಿದ್ದು ಕೋರ್ಟಿನ ಒಂದು ಮಧ್ಯಾಹ್ನದಲ್ಲಿ. ನೆರೆಯವರ ಬದುವಿನ ವ್ಯಾಜ್ಯದಲ್ಲಿ ಸಾಕ್ಷಿ ಹೇಳಲು ನಿಂತ ಅವಳ ತಾಯಿಗೆ, “ಹೌದು ಅನ್ನು, ಇಲ್ಲಾ ಇಲ್ಲ ಅನ್ನು,” ಎಂದು ವಕೀಲನೊಬ್ಬ ಮತ್ತೆ ಮತ್ತೆ ಗದರಿಸಿದ್ದ. ಎರಡೂ ಅಲ್ಲದ ಸತ್ಯವನ್ನು ಬಾಯಲ್ಲಿಟ್ಟುಕೊಂಡ ತಾಯಿ ಕೊನೆಗೆ ಮೂಕಳಾಗಿ ಕಟಕಟೆಯಿಂದ ಇಳಿದಿದ್ದಳು. ಮಗಳು ಅಂದೇ ನಿಶ್ಚಯಿಸಿದಳು.

ತಂದೆ ಮಡೆಪ್ಪನವರು ಭಾತಂಬ್ರಾದಲ್ಲಿ ಕಿರಾಣಿ ಅಂಗಡಿ ಇಟ್ಟವರು, ಮಾತಿಗೆ ಕಟ್ಟುಬಿದ್ದವರು. ಬೆಂಗಳೂರಿನ ದೊಡ್ಡ ಕಾನೂನು ಶಾಲೆಯ ಪರೀಕ್ಷೆ ಬರೆಯಲು ಒಪ್ಪಿದರೂ ಒಂದು ಶರತ್ತು ಹಾಕಿದ್ದರು. ಔರಾದಿನಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಿರುವ ಸಂತೋಷಕುಮಾರ ಎಂಬ ವರನ ಕಡೆಯಿಂದ ಮಾತು ಬಂದಿತ್ತು.

“ಅವರು ಹೂಂ ಅಂದ್ರ ಇದೇ ತಿಂಗಳು ನಿಶ್ಚಯ, ಪರೀಕ್ಷಾ ಇಲ್ಲ,” ಎಂದಿದ್ದರು ಮಡೆಪ್ಪ. “ಅವರ ಉತ್ತರ ಬರೋ ತನಕ ಓದವ್ವ. ನಾ ಬ್ಯಾಡ ಅನ್ನೂದಿಲ್ಲ.”

ಆ ಸೀಮೆಯಲ್ಲಿ ಉತ್ತರ ಸುಮ್ಮನೆ ಬರುವುದಿಲ್ಲ. ಹೆಣ್ಣು ನೋಡುವ ಶಾಸ್ತ್ರಕ್ಕೆ ಮೊದಲೇ ವರನ ಕಡೆಯ ಒಬ್ಬ ನಂಬಿಗಸ್ತ ಹೊರಡುತ್ತಾನೆ. ಹಿಟ್ಟಿನ ಗಿರಣಿಯಲ್ಲಿ, ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ ಸದ್ದಿಲ್ಲದೆ ವಿಚಾರಿಸುತ್ತಾನೆ. ಹುಡುಗಿ ಎಂಥವಳು, ಯಾರೊಡನೆ ಕೂಡುತ್ತಾಳೆ, ಮುಖ್ಯವಾಗಿ ಮನೆತನದ ಬೆಡಗು, ಅಂದರೆ ಗೋತ್ರ, ಯಾವುದು. ಒಂದೇ ಬೆಡಗಿನವರು ಅಣ್ಣತಂಗಿಯರ ಲೆಕ್ಕ. ಅಲ್ಲಿಗೆ ಮಾತು ಮುಗಿಯಿತು, ಯಾರ ಹೆಸರೂ ಕೆಡುವುದಿಲ್ಲ.

ಇವನು ಆ ನಂಬಿಗಸ್ತನೇ?

ಮರುದಿನ ಅವನು ಪೆನ್ನು ತಂದ. ಅದರ ಮರುದಿನವೂ ಬಂದ. ಸಿದ್ದೇಶ್ವರಿ ಪುಟದ ಅಂಚಿನಿಂದ ಅವನನ್ನು ಕಾಯತೊಡಗಿದಳು. ಅವನು ಅವಳನ್ನು ನೋಡುತ್ತಿರಲಿಲ್ಲ... ನಿಜವಾಗಿಯೂ ಓದುತ್ತಿದ್ದ! ಹುಬ್ಬು ಗಂಟಿಕ್ಕಿ, ತುಟಿ ಅಲುಗಿಸುತ್ತ, ಕಳೆದುಹೋದ ವಸ್ತುವನ್ನು ಹುಡುಕುವವನಂತೆ.

“ಇದರಾಗ ಆರೋಪಿ ತಪ್ಪು ಏನದರಿ?” ಎಂದು ಒಮ್ಮೆ ತಾನಾಗಿ ಕೇಳಿದ. “ನೆರಿಯವರ ಬಾವಿಗಿ ಬೇಲಿ ಹಾಕ್ಯಾನ, ಕೂಸು ಬೀಳಬಾರದಂತ. ಕೇಳಿಲ್ಲ, ಅಷ್ಟೇ.”

“ಕೇಳಿಲ್ಲಲ್ರೀ. ಅದೇ ತಪ್ಪು. ಬಾವಿ ಅವರದು.”

“ಒಳ್ಳೇದಕ್ಕ ಮಾಡಿದ್ರೂ?”

“ಒಳ್ಳೇದು ಕೆಟ್ಟದ್ದು ಬಾವಿಯವರು ಹೇಳ್ಬೇಕು. ಬೇಲಿಯವರಲ್ಲ.”

ಅವನು ತನ್ನ ಉತ್ತರವನ್ನು ಹೊಡೆದು ಅವಳದನ್ನು ಬರೆದುಕೊಂಡ. ಸೋತದ್ದಕ್ಕೆ ಅವನ ಮುಖ ಸಣ್ಣದಾಗಲಿಲ್ಲ. ಅದು ಅವಳಿಗೆ ಹಿಡಿಸಿತು. ಹಿಡಿಸಿದ್ದಕ್ಕೇ ಇನ್ನಷ್ಟು ಸಂಶಯ ಬಂತು.

ಅಂದಿನಿಂದ ಅವರು ಒಂದೇ ಮೇಜಿನಲ್ಲಿ ವಾದ ಮಾಡುತ್ತ ಓದಿದರು. ಅವಳು ಪ್ರಶ್ನೆಯ ಪ್ರತಿ ಆಯ್ಕೆಯನ್ನೂ ಕಳ್ಳನೆಂಬಂತೆ ತಪಾಸಣೆ ಮಾಡುತ್ತ ಹೊತ್ತು ಕಳೆಯುತ್ತಿದ್ದಳು.

“ನಾಲ್ಕೂ ಉತ್ತರದ ಮ್ಯಾಲ ಸಂಶಯ ಪಟ್ರ ಹ್ಯಾಂಗ್ರೀ?” ಎನ್ನುತ್ತಿದ್ದ ಅವನು. “ಒಂದನ್ನರ ನಂಬ್ಬೇಕಲ್ಲ.”

“ನೀವು ನಾಲ್ಕನ್ನೂ ನಂಬ್ತೀರಿ. ಅದಕ್ಕ ನಿಮ್ಮವು ಅರ್ಧಾ ತಪ್ಪು.”

ಮುಸರ್ರತಳ ಕಣ್ಣಿಗೆ ಎಲ್ಲವೂ ಬೀಳುತ್ತಿತ್ತು. “ಸಿದ್ದೂ, ಆ ಮನುಷ್ಯಾನ ಮ್ಯಾಲ ನಿನಗ ಶಕ್ ಅದ ಅಂತಿ. ಅವ ಬರೂದು ತಡಾ ಆದ್ರ ಬಾಗಲಾ ಯಾಕ ನೋಡ್ತಿ?”

“ಶಕ್ ಇದ್ದವರನ್ನೇ ನೋಡ್ಬೇಕಲ್ಲೇ.”

“ಹಾಂ, ಹಾಂ. ನೋಡು. ಛಲೋ ನೋಡು.”

ಭಾನುವಾರ ಊರಿಗೆ ಹೋದಾಗ ತಾಯಿ ರೊಟ್ಟಿ ಬಡಿಯುತ್ತ ಹೇಳಿದಳು. “ಯಾರೋ ಹುಡುಗ ಗಿರಣ್ಯಾಗ ನಮ್ಮ ಮನಿ ಸುದ್ದಿ ಕೇಳಿ ಹೋಗ್ಯಾನಂತವ್ವ. ಎತ್ತರ ಅದಾನಂತ, ಸಣ್ಣ ದನಿ. ನೀ ಬೀದರದಾಗ ಎಲ್ಲಿ ಓದ್ತಿ ಅಂತನೂ ಕೇಳ್ಯಾನ.”

ಎತ್ತರ. ಸಣ್ಣ ದನಿ... ತಟ್ಟೆಯಲ್ಲಿದ್ದ ಪುಂಡಿಪಲ್ಯ ಅವಳಿಗೆ ರುಚಿಸಲಿಲ್ಲ.

ಸೋಮವಾರ ನೇರವಾಗಿ ಕೇಳಿದಳು. “ನಿಮ್ಮೂರು ಯಾವುದ್ರೀ?”

“ಚಿಂತಾಕಿ.”

“ಔರಾದ ತಾಲ್ಲೂಕು. ಅಲ್ಲಿ ಸಂತೋಷಕುಮಾರ ಅಂತ, ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ಗೊತ್ತೇನು?”

ಅವನು ಪುಟ ತಿರುವಿದ. ತಿರುವಿದ್ದು ಹಿಂದಕ್ಕೆ. “ಔರಾದ ದೊಡ್ಡದದರಿ.”

ಅದು ಉತ್ತರವಾಗಿರಲಿಲ್ಲ. ಹೌದೂ ಅಲ್ಲ, ಇಲ್ಲವೂ ಅಲ್ಲ. ಮುಖ ನೋಡಿ ಇನ್ನೊಂದು ಪ್ರಶ್ನೆ ಹಾಕಬೇಕಿತ್ತು, ಅವಳಿಂದಾಗಲಿಲ್ಲ. ಸತ್ಯ ಹೊರಬಿದ್ದರೆ ಈ ಕುರ್ಚಿ ಖಾಲಿಯಾಗುತ್ತದೆ ಎಂಬ ಅಳುಕು ಅವಳ ನಾಲಗೆಯನ್ನು ಹಿಡಿದಿತ್ತು.

ಪರೀಕ್ಷೆಗೆ ವಾರವಿರುವಾಗ ತಂದೆಯ ಫೋನು ಬಂತು. ಅವರ ದನಿ ಏರಿರಲಿಲ್ಲ. ಏರದಿದ್ದಾಗಲೇ ಅವರಿಗೆ ಹೆದರಬೇಕು.

“ಔರಾದದಿಂದ ಮಾತು ಬಂತವ್ವ. ಬೆಡಗು ಒಂದೇ ಆಗ್ತದ, ಸಂಬಂಧ ಕೂಡೂದಿಲ್ಲ ಅಂದ್ರು. ನಮ್ಮ ಬೆಡಗು ಬ್ಯಾರೆ, ಅವರ ಬೆಡಗು ಬ್ಯಾರೆ. ನಮ್ಮ ಮನಿ ಬೆಡಗು ಅವರಿಗಿ ಸುಳ್ಳು ಹೇಳಿದವರು ಯಾರು?”

“ನನಗೇನು ಗೊತ್ತಪ್ಪಾ...”

“ಈ ಸಂಬಂಧ ತಪ್ಪಿದ್ರ ಯಾರಿಗಿ ಫಾಯದಾ? ನಿನಗ. ಓದಬ್ಯಾಡ ಅಂತ ನಾ ಅಂದಿದ್ದಿಲ್ಲ. ಬೆಡಗು ಅಂದ್ರ ಹಿರಿಯರ ಹೆಸರವ್ವ. ಅದನ್ನ ಸುಳ್ಳಿಗಿ ಹಚ್ಚಿದಿ. ನಾಳಿ ಬಸ್ಸಿಗಿ ಮನಿಗಿ ಬಾ. ಪುಸ್ತಕ ಅಲ್ಲೇ ಬಿಟ್ಟು ಬಾ.”

ಸಿದ್ದೇಶ್ವರಿ ಅಳಲಿಲ್ಲ. ವಾಚನಾಲಯದ ಹೊರಗಿನ ಬೇವಿನ ಕೆಳಗೆ ಅವನನ್ನು ಕರೆದು ನಿಲ್ಲಿಸಿದಳು. ಮುಸರ್ರತ ತುಸು ದೂರದಲ್ಲಿ ಕಾವಲಿಗೆ ನಿಂತಳು.

“ಸಂತೋಷಕುಮಾರ ನಿಮಗ ಏನಾಗಬೇಕು?”

ಅವನು ಈ ಸಲ ತಪ್ಪಿಸಿಕೊಳ್ಳಲಿಲ್ಲ. “ಕಾಕಾನ ಮಗ.”

“ನನ್ನ ವಿಚಾರ ಮಾಡ್ಲಾಕ ಕಳಿಸಿದ್ರು?”

“ಹೌದ್ರಿ. ಮೊದಲನೇ ದಿನ ಕಾಕಾ ಕಳಿಸಿದ್ರು.”

“ಎರಡನೇ ದಿನ?”

“ಎರಡನೇ ದಿನ... ನಾನೇ ಬಂದೆ.”

ಅವಳ ಎದೆಯಲ್ಲಿ ಏನೋ ಕುಸಿದು, ಇನ್ನೇನೋ ಎದ್ದಿತು. ಎದ್ದುದನ್ನು ಅವಳು ಅಲ್ಲೇ ಅದುಮಿದಳು.

“ನೀವು ನನಗ ಬೆಡಗು ಒಂದಿನಾನೂ ಕೇಳಿಲ್ಲ. ಒಂದೇ ಅಂತ ಹ್ಯಾಂಗ ಹೇಳಿದ್ರಿ?”

“ಕೇಳಿದ್ರ ಖರೆ ಗೊತ್ತಾಗ್ತಿತ್ತು. ಗೊತ್ತಾದ ಮ್ಯಾಲ ಸುಳ್ಳು ಹೇಳ್ಲಾಕ ನನಗ ಬಾಯಿ ಬರ್ತಿದ್ದಿಲ್ಲ.” ಅವನು ನೆಲ ನೋಡಿದ. “ಅವರು ಹೂಂ ಅಂದ್ರ ನಿಮ್ಮ ಪರೀಕ್ಷಾ ಹೋಗ್ತದಂತ ನಿಮ್ಮೂರ ಗಿರಣ್ಯಾಗ ಕೇಳಿದ್ದೆ. ಹುಡುಗಿ ಚಂದ ಇಲ್ಲ ಅಂದ್ರ ನಿಮ್ಮ ಹೆಸರು ಹೋಗ್ತಿತ್ತು. ಇದೊಂದೇ ದಾರಿ ಕಾಣಸ್ತು.”

“ನನಗ ಕೇಳಿದ್ರೇನು?”

ಅವಳು ಒಂದು ಹೆಜ್ಜೆ ಮುಂದೆ ಬಂದಳು.

“ನನ್ನ ಸಲುವಾಗಿ ಸುಳ್ಳು ಹೇಳ್ಲಾಕ ನಿಮಗ ವಕಾಲತ್ತು ಯಾರು ಕೊಟ್ರು? ಅಪ್ಪನೂ ನನಗ ಕೇಳ್ದೆ ಶರತ್ತು ಹಾಕ್ದ. ನಿಮ್ಮ ಕಾಕಾ ಕೇಳ್ದೆ ಮನುಷ್ಯಾನ ಬಿಟ್ರು. ನೀವರ...” ಅವಳ ದನಿ ಒಡೆಯಿತು. “ನೀವರ ಕೇಳ್ತೀರಿ ಅಂದಕೊಂಡಿದ್ದೆ. ಈಗ ಅಪ್ಪನ ಕಣ್ಣಾಗ ಆ ಸುಳ್ಳು ನನ್ನದು.”

ಅವಳು ತಿರುಗಿ ನೋಡದೆ ನಡೆದಳು. ಅವನ ಮುಖ ನೋಡಿದರೆ ನಂಬಿಬಿಡುತ್ತೇನೆ ಎಂಬ ಹೆದರಿಕೆ ಅವಳಿಗೆ.

ಮರುದಿನ ಮಧ್ಯಾಹ್ನ ಭಾತಂಬ್ರಾದ ಮನೆಯ ಪಡಸಾಲೆಯಲ್ಲಿ ಮಡೆಪ್ಪ ಮಗಳ ಮುಖ ನೋಡದೆ ಗೋಡೆ ನೋಡುತ್ತ ಕುಳಿತಿದ್ದರು. ಬಾಗಿಲಲ್ಲಿ ನೆರಳು ಬಿತ್ತು.

“ಶರಣುರೀ ಕಾಕಾ. ನಾ ಚಿಂತಾಕಿ ಸುಶೀಲಕುಮಾರ. ಬೆಡಗಿನ ಸುಳ್ಳು ಹೇಳಿದವ ನಾನು. ನಿಮ್ಮ ಮಗಳಿಗಿ ಗೊತ್ತಿದ್ದಿಲ್ಲ.”

ಒಳಗೆ ಸಿದ್ದೇಶ್ವರಿ ನೀರಿನ ತಂಬಿಗೆಯನ್ನು ಕೆಳಗಿಟ್ಟು ಬಾಗಿಲಿನತ್ತ ಬಂದಳು.

ಮಡೆಪ್ಪ ಅವನನ್ನು ಕೂಡ್ರಿಸಲಿಲ್ಲ. “ನಿಮ್ಮವರಿಗಿ ಹೇಳಿಯೇನು?”

“ಮುಂಜಾನೆ ಔರಾದಕ್ಕ ಹೋಗಿ ಹೇಳೇ ಬಂದೇನ್ರಿ. ನಮ್ಮ ಕಾಕಾ ಬಾಳ ಬೈದ್ರು. ಸಂಬಂಧ ಮತ್ತ ಕೂಡಸ್ತೇವಿ ಅಂದ್ರ, ನೀವು ಹೂಂ ಅನಬಹುದು. ಆ ಹೆದರಿಕಿ ಇಟ್ಟುಕೊಂಡೇ ಬಂದೇನಿ.”

“ಸಂತೋಷಕುಮಾರ ಏನಂದ?”

“ದಿನಾ ವಾದ ಮಾಡೋ ಹೆಂಡತಿ ನನಗ ಆಗೂದಿಲ್ಲೋ ತಮ್ಮಾ, ಅಂದಾನ್ರಿ.”

ಮಡೆಪ್ಪನ ಮೀಸೆ ಅಲುಗಿತೋ ಇಲ್ಲವೋ. “ಹುಡುಗಿ ಸರಿ ಇಲ್ಲ ಅಂದಿದ್ರ ಒಂದೇ ಮಾತಿನಾಗ ಮುಗೀತಿತ್ತು. ಬೆಡಗು ಯಾಕ?”

“ಆ ಸುಳ್ಳು ಅವರ ಮೈಗಿ ಹತ್ತತದ ರೀ. ಈ ಸುಳ್ಳು ನನ್ನ ಮೈಗಿ ಹತ್ತತದ.”

“ಅಪ್ಪಾ.” ಸಿದ್ದೇಶ್ವರಿ ಹೊರಗೆ ಬಂದು ನಿಂತಿದ್ದಳು. “ಇವರಿಗಿ ನಾನೂ ಕೇಳ್ತೇನಿ.”

ತಂದೆ ತಡೆಯಲಿಲ್ಲ. ಅವಳು ಅವನ ಕಡೆಗೆ ತಿರುಗಿದಳು. ಆಧಾರವಿಲ್ಲದೆ ಏನನ್ನೂ ನಂಬಬಾರದೆಂದು ತನಗೇ ಮತ್ತೊಮ್ಮೆ ಹೇಳಿಕೊಂಡಳು.

“ನೀವು, ಸಂತೋಷಕುಮಾರ, ಅಣ್ಣತಮ್ಮರ ಮಕ್ಕಳು. ಅವರ ಬೆಡಗೇ ನಿಮ್ಮದು. ಹೌದಲ್ಲ?”

“ಹೌದ್ರಿ.”

“ಅವರ ಬೆಡಗು, ನಮ್ಮ ಬೆಡಗು ಒಂದೇ ಅಂದ ಮ್ಯಾಲ ನೀವು ನನಗ ಏನಾಗ್ತೀರಿ?”

“...ಅಣ್ಣ.”

“ಅದು ಗೊತ್ತಿದ್ದೇ ಹೇಳಿದ್ರೇನು?”

“ಗೊತ್ತಿತ್ತು.”

“ಯಾಕ?”

ಬೀದಿಯಲ್ಲಿ ಸೊಪ್ಪು ಮಾರುವವಳ ಕೂಗು ಹತ್ತಿರ ಬಂದು ದೂರವಾಯಿತು.

“ನಿಮಗ ಪರೀಕ್ಷಾ ಬೇಕಾಗಿತ್ತು. ನನಗ ನೀವು ಬೇಕಾಗಿತ್ರಿ. ಎರಡರಾಗ ನಿಮ್ಮದು ಮೊದಲ ಅನಸ್ತು.” ಅವನು ಈಗ ಅವಳನ್ನು ನೇರವಾಗಿ ನೋಡಿದ. “ಕೇಳ್ದೆ ಮಾಡಿದ್ದು ತಪ್ಪು. ಅದಕ್ಕ ಸಮಜಾಯಿಷಿ ಇಲ್ಲ.”

ತನ್ನ ಬಾಗಿಲಿಗೆ ತಾನೇ ಕೀಲಿ ಜಡಿದು, ಹೊರಗೆ ನಿಂತು ಅವಳ ಬಾಗಿಲು ತೆರೆದವನು... ಇಷ್ಟು ದಿನ ಕಟ್ಟಿದ ಸಂಶಯವೆಲ್ಲ ಅವಳೊಳಗೆ ಬೆಲ್ಲದಂತೆ ಕರಗಿತು. ಕಣ್ಣು ತುಂಬಿದ್ದನ್ನು ಅವಳು ಮರೆಮಾಡಲಿಲ್ಲ.

ಮಡೆಪ್ಪ ಎದ್ದರು. “ಹುಚ್ಚಪ್ಯಾಲಿ ಅದೀಯೋ ನೀ.” ಆಮೇಲೆ ಮಗಳತ್ತ ನೋಡಲಾರದೆ ಹೆಗಲ ಮೇಲಿನ ಟಾವೆಲ್ ಕೊಡವಿದರು. “ಸಿದ್ದೂ... ನಿನ್ನ ಮ್ಯಾಲ ಸಂಶಯ ಪಟ್ಟೆ. ನನ್ನದು ತಪ್ಪಾತವ್ವ. ಪರೀಕ್ಷಾ ಬರಿ. ಔರಾದದವರು ಮತ್ತ ಕೇಳಿದ್ರ ನಾ ಇಲ್ಲ ಅಂತೇನಿ. ಇನ್ನ ಈ ಹುಡುಗನ ಮಾತು... ಅದು ನನ್ನ ಕೇಳಬ್ಯಾಡೋ. ಆಕಿನ ಕೇಳು.”

ಅವನು ಅಂದು ಕೇಳಲಿಲ್ಲ. “ಪರೀಕ್ಷಾ ಆಗ್ಲಿರಿ,” ಎಂದಷ್ಟೇ ಹೇಳಿ ಭಾಲ್ಕಿಯ ಬಸ್ಸಿಗೆ ನಡೆದ.

ಕಲಬುರಗಿಯ ಪರೀಕ್ಷಾ ಕೇಂದ್ರದಿಂದ ಸಿದ್ದೇಶ್ವರಿ ಹೊರಬಂದಾಗ ಬಿಸಿಲು ನೆತ್ತಿಯ ಮೇಲಿತ್ತು. ಪತ್ರಿಕೆಯನ್ನು ಅವಳು ವೇಳೆಯೊಳಗೇ ಮುಗಿಸಿದ್ದಳು. ಅವನೂ ಬರೆದಿದ್ದ. ಗೇಟಿನ ಹೊರಗೆ, ಕಬ್ಬಿನ ಹಾಲಿನ ಬಂಡಿಯ ನೆರಳಲ್ಲಿ ನಿಂತಿದ್ದ.

“ಹ್ಯಾಂಗಾತ್ರಿ?” ಎಂದ.

“ಛಲೋ ಆತು. ನಿಮ್ಮದು?”

“ಆರೋಪಿಗಳನ್ನೆಲ್ಲ ಬಿಡಿಸಿ ಬಂದೇನಿ. ಸೀಟ್ ಸಿಗೂದು ಕಷ್ಟ ಅದ. ಇಲ್ಲೇ ಕಲಬುರಗಿ ಕಾಲೇಜಿಗಿ ಸೇರ್ತೇನಿ.”

ಅವಳು ತುಸು ಹೊತ್ತು ರಸ್ತೆ ನೋಡಿದಳು. “ನೀವು ನನಗ ಏನೋ ಕೇಳ್ಬೇಕಾಗಿತ್ತು.”

ಅವನು ಉಸಿರೆಳೆದುಕೊಂಡ. “ನನ್ನ ಮದಿವಿ ಆಗ್ತೀರೇನ್ರಿ? ಈಗಲ್ಲ. ನಿಮ್ಮ ಓದು ಮುಗದು, ಕರಿ ಕೋಟ್ ಹಾಕ್ಕೊಂಡ ಮ್ಯಾಲ.”

“ಸೀಟ್ ಸಿಕ್ರ ನಾ ಬೆಂಗಳೂರದಾಗ, ನೀವು ಇಲ್ಲಿ. ಅಷ್ಟು ದೂರದಿಂದ ನಿಮ್ಮನ್ನ ಹ್ಯಾಂಗ ನಂಬಲಿ?”

“ನಂಬಬ್ಯಾಡ್ರಿ. ದಿನಾ ಫೋನ್ ಹಚ್ಚಿ ವಿಚಾರಣಾ ಮಾಡ್ರಿ.”

“ದಿನಾ ಏನಂತ ಕೇಳಲಿ?”

“ಊಟಾ ಆತೇನು ಅಂತ.”

ಅವಳು ಮುಖ ಆಚೆ ತಿರುಗಿಸಿದಳು. ನಗು ಅಡಗಿಸಲು ಸೆರಗಿನ ಆಸರೆ ಸಾಲದೆ ಹೋಯಿತು.

“ಇವತ್ತು ಆಗ್ಯಾದೇನು?” ಎಂದಳು ಮೆಲ್ಲಗೆ.

“ಇಲ್ರಿ.”

“ನಂದೂ ಆಗಿಲ್ಲ. ನಡೀರಿ.”