ಪದುಮಕ್ಕ ಕರೆದ ಊಟ

ಬಹಳ ಬಹಳ ಹಿಂದೆ ಬನ್ನಿಕೋಟೆ ಎಂಬ ರಾಜ್ಯವಿತ್ತು. ಮಳೆಗಾಲ ಮುಗಿದು, ಮಹಾನವಮಿ ಕಳೆದು, ಶರತ್ಕಾಲದ ಬಿಸಿಲು ಹಿತವಾದಾಗ ಆ ರಾಜ್ಯದ ಜನ ಒಂದು ದಿನ ಕೆಲಸ ಬಿಡುತ್ತಿದ್ದರು. ಗೆಳೆಯರನ್ನು ಕರೆದು ಮರದ ಕೆಳಗೆ ಎಲೆ ಹಾಕಿ ಉಣ್ಣುತ್ತಿದ್ದರು. ಅದಕ್ಕೆ ಬನದೂಟ ಎಂದು ಹೆಸರು.

ಆ ರಾಜ್ಯದ ದೊರೆ ಕೀರ್ತಿಪಾಲನಿಗೆ ಒಂದು ವರ್ಷ ಹಮ್ಮು ಬಂತು. ಅರಮನೆಯ ಬನದೂಟಕ್ಕೆ ಅರವತ್ತು ಬಗೆಯ ಅಡುಗೆ ಮಾಡಿಸಿದ. ಒಂದು ಪಲ್ಯಕ್ಕೆ ಉಪ್ಪು ಕಡಿಮೆಯಾಗಿತ್ತು. ಮಾನ ಹೋಯಿತೆಂದು ದೊರೆ ನಡುಗಿಹೋದ, ಅಡುಗೆಯವರ ಮೇಲೆ ಅಬ್ಬರಿಸಿದ. ಅದೇ ಹೊತ್ತಿಗೆ ಒಲೆಯ ಹೊಗೆಯೊಳಗಿಂದ ಧೂಮಾಂಗನೆಂಬ ಮಾಂತ್ರಿಕ ಎದ್ದು ಬಂದು ಮಂತ್ರ ಹೇಳಿದ. ಪಂಕ್ತಿಯಲ್ಲಿ ಕೂತಿದ್ದ ರಾಣಿ ಚಂದ್ರಾಜಿ, ಮಂತ್ರಿಗಳು, ನೆಂಟರು ಎಲ್ಲರೂ ಜಿಂಕೆಗಳಾದರು. ಮಾಂತ್ರಿಕ ಅವರನ್ನು ಅಟ್ಟಿಕೊಂಡು ತನ್ನ ಕಾಡಿಗೆ ಹೋದ. ಒಂದೊಂದು ಜಿಂಕೆಯಿಂದ ಅವನ ಆಯುಷ್ಯಕ್ಕೆ ಒಂದೊಂದು ವರ್ಷ ಕೂಡಿತು.

ಆಮೇಲೆ ಯಾರ ಮನೆಯಲ್ಲಿ ಅತಿಥಿಗಳು ಕೂತರೂ ಹೊಗೆ ಬರತೊಡಗಿತು. ಕುಂಬಾರರ ಪದುಮಕ್ಕನ ಮನೆಗೂ ಬಂತು. ಹೋಳಿಗೆ ಸೀದುಹೋಯಿತೆಂದು ಅವಳು ಗಾಬರಿಯಿಂದ ಅತ್ತಾಗ, ಎದುರಿಗೆ ಕೂತಿದ್ದ ಜೀವದ ಗೆಳತಿ ಬಾಳಮ್ಮ ಜಿಂಕೆಯಾಗಿ ಬಾಗಿಲು ದಾಟಿ ಹೋದಳು.

ಜನ ಹೆದರಿದರು. ಒಬ್ಬರನ್ನೊಬ್ಬರು ಕರೆಯುವುದನ್ನು ಬಿಟ್ಟರು. ಊಟದ ಹೊತ್ತಿಗೆ ಊರಿನ ಕದಗಳೆಲ್ಲ ಮುಚ್ಚುತ್ತಿದ್ದವು. ಹೀಗೆ ಮೂರು ವರ್ಷ ಕಳೆಯಿತು.

ಒಂದು ಮಧ್ಯಾಹ್ನ ಪದುಮಕ್ಕ ಮಡಕೆ ಮಾರಲು ಹೋದಾಗ ಒಂದು ಗುಡಿಸಲಿನಲ್ಲಿ ಅಜ್ಜಿಯೊಬ್ಬಳು ಬೇರೆ ಊರಿಂದ ಬಂದಿದ್ದ ಮೊಮ್ಮಗಳಿಗೆ ಬಡಿಸುತ್ತ ತಾನೂ ಉಣ್ಣುತ್ತಿದ್ದಳು. ಮಗು ಮಜ್ಜಿಗೆ ಚೆಲ್ಲಿತು. ಬಾಗಿಲಲ್ಲಿ ಹೊಗೆ ತಲೆಹಾಕಿತು. ಅಜ್ಜಿ ನಕ್ಕು, "ನೆಲಕ್ಕೂ ಬಾಯಾರಿಕೆ ಆಗಿತ್ತು ಬಿಡು, ಮಗಾ" ಎಂದಳು. ಹೊಗೆ ಬಂದ ದಾರಿಯಲ್ಲೇ ಹಿಂದೆ ಹೋಯಿತು.

ಪದುಮಕ್ಕ ಅಲ್ಲೇ ನಿಂತುಬಿಟ್ಟಳು. ಅಂದು ದೊರೆ ನಡುಗಿದ್ದ, ತಾನೂ ನಡುಗಿದ್ದಳು. ಬಡಿಸುವವರ ಎದೆ ನಡುಗಿದರೆ ಮಾತ್ರ ಮಾಂತ್ರಿಕನಿಗೆ ಬಲ ಎಂದು ಅವಳಿಗೆ ತಿಳಿಯಿತು.

ಅವಳು ಕುರಿ ಕಾಯುವ ಬೀರಣ್ಣನ ಬಳಿಗೂ ಹಲಗೆ ಬಾರಿಸುವ ಮುದ್ದಯ್ಯನ ಬಳಿಗೂ ಹೋದಳು. "ನಾಳೆ ಬನದೂಟ. ಹೊಂಗೆ ಮರದ ಕೆಳಗೆ. ಬರ್ತೀರಾ?"

"ಜಿಂಕೆ ಆಗಿಬಿಟ್ಟರೆ?" ಎಂದ ಮುದ್ದಯ್ಯ.

"ಆಗಬಹುದು. ಆಗದಂತೆ ನೋಡ್ಕೋತೀನಿ."

ಬೀರಣ್ಣ, "ಒಬ್ಬನೇ ಉಂಡು ಉಂಡು ಬೇಸರ ಬಂದಿದೆ ಅಕ್ಕಾ. ಬರ್ತೀವಿ" ಎಂದ.

ಸುದ್ದಿ ಅರಮನೆಗೆ ಮುಟ್ಟಿತು. ಮರುದಿನ ಬೆಳಗ್ಗೆ ದೊರೆ ಕಿರೀಟವಿಲ್ಲದೆ, ಒಬ್ಬನೇ, ಪದುಮಕ್ಕನ ಅಂಗಳಕ್ಕೆ ಬಂದ.

"ನನ್ನನ್ನೂ ಕರೆಯುತ್ತೀಯಾ, ತಾಯಿ?"

"ಒಂದು ಎಲೆ ಹೆಚ್ಚು ಹಾಕೋದು ಏನು ಕಷ್ಟ, ಬುದ್ಧಿ? ಆದರೆ ಸೌದೆ ಸಾಲದು. ತಂದುಕೊಡಬೇಕು."

ದೊರೆ ಹೆಗಲ ಮೇಲೆ ಸೌದೆ ಹೊತ್ತು ತಂದ. ಅಡುಗೆ ಹೆಚ್ಚೇನಿರಲಿಲ್ಲ. ಅನ್ನ, ಹುರುಳಿ ಸಾರು, ಸೋರೆಕಾಯಿ ಪಲ್ಯ, ಹೆಸರುಬೇಳೆ ಪಾಯಸ, ಮಜ್ಜಿಗೆ, ಉಪ್ಪಿನಕಾಯಿ. ಸೂರ್ಯ ನೆತ್ತಿಗೆ ಬಂದಾಗ ಹೊಂಗೆಯ ನೆರಳಲ್ಲಿ ಬೀರಣ್ಣ, ಮುದ್ದಯ್ಯ, ದೊರೆ ಮೂವರೂ ಎಲೆಯ ಮುಂದೆ ಕೂತರು. ಪದುಮಕ್ಕ ಬಡಿಸಲು ನಿಂತಳು.

ಒಲೆಯಿಂದ ಕಪ್ಪು ಹೊಗೆ ಎದ್ದಿತು. ಸಾರಿನ ಮಡಕೆ ಫಟ್ಟೆಂದು ಒಡೆದು ಸಾರೆಲ್ಲ ಬೂದಿಯ ಪಾಲಾಯಿತು.

ಪದುಮಕ್ಕ ಬಗ್ಗಿ ಒಂದು ಚೂರು ಎತ್ತಿ ನೋಡಿದಳು. "ನಾನೇ ಮಾಡಿದ ಮಡಕೆ. ಸುಡುವಾಗ ಹದ ತಪ್ಪಿರಬೇಕು. ಇವತ್ತು ಅನ್ನಕ್ಕೆ ಮಜ್ಜಿಗೆಯೇ ಸಾರು." ಎಲ್ಲರೂ ನಕ್ಕರು. ಹೊಗೆ ತೆಳ್ಳಗಾಯಿತು.

ಮತ್ತೆ ಹೊಗೆ ಎದ್ದಿತು. ಈ ಸಲ ಅದರೊಳಗಿಂದ ಕರಿ ಹುಲಿಯೊಂದು ನಡೆದು ಬಂದು ಮುದ್ದಯ್ಯನ ಪಕ್ಕದಲ್ಲೇ ಕೂತಿತು. ಮುದ್ದಯ್ಯನ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ಹಸಿದು ಬಂದಿದೆ, ಪಾಪ" ಎಂದಳು ಪದುಮಕ್ಕ. ಹುಲಿಯ ಮುಂದೆ ಒಂದು ಎಲೆ ಹಾಕಿ ಪಾಯಸ ಬಡಿಸಿದಳು. "ಬಿಸಿ ಇದೆ, ನಿಧಾನ." ಹುಲಿ ಎಲೆಯನ್ನು ನೆಕ್ಕಿ ನೆಕ್ಕಿ ಮುಗಿಸಿ, ತಲೆ ಮುಂಗಾಲಿಗಿಟ್ಟು ನಿದ್ದೆಹೋಯಿತು. ನಿದ್ದೆಯಲ್ಲೇ ಕರಗಿ ಗಾಳಿಗೆ ಸೇರಿತು.

ಮೂರನೆಯ ಸಲ ಧೂಮಾಂಗ ತಾನೇ ಬಂದ. ಅವನು ಮರದಷ್ಟು ಎತ್ತರವಿದ್ದ. ಒಂದು ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಒಂದು ಬಡಕಲು ಜಿಂಕೆ. ಇನ್ನೊಂದು ಕೈಯಲ್ಲಿ ಕತ್ತಿ. ಅವನ ಹಿಂದೆ ಬಯಲು ತುಂಬ ಜಿಂಕೆಗಳು ನಿಂತಿದ್ದವು.

"ಇವಳು ನಿನ್ನ ಬಾಳಮ್ಮ. ನನ್ನ ಮಂತ್ರ ಮುಗಿಯುತ್ತಲೇ ಇವಳ ಕತ್ತು ಹೋಗುತ್ತದೆ. ಈಗ ನಗು, ನೋಡೋಣ" ಎಂದ.

ಜಿಂಕೆ ಪದುಮಕ್ಕನನ್ನೇ ನೋಡುತ್ತಿತ್ತು. ಆ ಕಣ್ಣು ಬಾಳಮ್ಮನದೇ. ಪದುಮಕ್ಕನ ಎದೆ ನಡುಗಿತು, ಸೌಟಿನ ಪಾಯಸ ಚೆಲ್ಲಿತು. ಧೂಮಾಂಗ ಮಂತ್ರ ಶುರುಮಾಡಿದ. ಕೂತವರ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಗೊರಸಾಗತೊಡಗಿದವು.

ಆಗ ಬೀರಣ್ಣ ಎದ್ದ. ಅರ್ಧ ಗೊರಸಾದ ಕೈಯಿಂದಲೇ ಸೌಟು ತೆಗೆದುಕೊಂಡ.

"ಅಕ್ಕಾ, ಬೆಳಗಿನಿಂದ ನಿಂತೇ ಇದ್ದೀಯ. ಕೂತ್ಕೋ. ನಾನು ಬಡಿಸ್ತೀನಿ."

ತೋಳು ಹಿಡಿದು ಅವಳನ್ನು ತನ್ನ ಎಲೆಯ ಮುಂದೆ ಕೂರಿಸಿದ. ದೊರೆ ಎದ್ದು ಮಜ್ಜಿಗೆಯ ತಂಬಿಗೆ ಹಿಡಿದ. ಮುದ್ದಯ್ಯ ಉಪ್ಪಿನಕಾಯಿ ಭರಣಿ ತಂದ. ಪದುಮಕ್ಕ ಅಳುತ್ತಲೇ ಒಂದು ತುತ್ತು ಬಾಯಿಗಿಟ್ಟಳು. ಗೆಳೆಯರು ಸುತ್ತ ನಿಂತಿದ್ದರು. ಅವಳ ಎದೆಯ ನಡುಕ ನಿಂತಿತು.

ಧೂಮಾಂಗನ ಮಂತ್ರ ತಡವರಿಸಿತು. ಅದು ಬಡಿಸುವವರ ನಡುಗುವ ಎದೆಯನ್ನು ಹುಡುಕುತ್ತಿತ್ತು.

"ಇಲ್ಲಿ ಕರೆದವರು ಯಾರು? ಬಡಿಸುವವರು ಯಾರು?" ಎಂದು ಕಿರುಚಿದ.

"ಅನ್ನಕ್ಕೆ ನಾನು" ಎಂದ ಬೀರಣ್ಣ.

"ಉಪ್ಪಿನಕಾಯಿಗೆ ನಾನು" ಎಂದ ಮುದ್ದಯ್ಯ.

"ಮಜ್ಜಿಗೆಗೆ ನಾನು" ಎಂದ ದೊರೆ. "ನೀರಾಗಿದೆ, ಉಪ್ಪೂ ಕಡಿಮೆ. ಆದರೂ ಚೆನ್ನಾಗಿದೆ."

"ನಾನು ಉಣ್ಣುವವಳು" ಎಂದಳು ಪದುಮಕ್ಕ.

ಹಿಡಿಯಲು ಯಾರೂ ಸಿಗದೆ ಮಂತ್ರ ತಿರುಗಿ, ಹೇಳಿದವನ ಮೇಲೆಯೇ ಬಿತ್ತು. ಕತ್ತಿ ಕೈಯಿಂದ ಜಾರಿತು. ಕದ್ದ ವರ್ಷಗಳೆಲ್ಲ ಒಂದೊಂದಾಗಿ ಅವನನ್ನು ಬಿಟ್ಟುಹೋದವು. ಎತ್ತರ ಇಳಿಯಿತು, ಬೆನ್ನು ಬಾಗಿತು, ಕೊನೆಗೆ ಒಂದು ಹಿಡಿ ಮಸಿ ಉಳಿಯಿತು. ಶರತ್ಕಾಲದ ಗಾಳಿ ಅದನ್ನೂ ಹೊತ್ತುಹೋಯಿತು.

ಗೊರಸಾಗುತ್ತಿದ್ದ ಕೈಗಳು ಮತ್ತೆ ಕೈಗಳಾದವು. ಬಯಲಿನ ಜಿಂಕೆಗಳು ಮನುಷ್ಯರಾಗಿ ಎದ್ದು ನಿಂತವು. ಬಾಳಮ್ಮ ಕೊರಳಿನ ಹಗ್ಗ ಬಿಸಾಕಿ ನೇರ ಬಂದು ಪದುಮಕ್ಕನ ಪಕ್ಕದಲ್ಲಿ ಕೂತಳು. ಇಬ್ಬರೂ ತಬ್ಬಿಕೊಂಡು ತುಂಬ ಹೊತ್ತು ಅತ್ತರು. ಆಮೇಲೆ ಬಾಳಮ್ಮ ಮೂಗು ಒರೆಸಿಕೊಂಡು, "ಮೂರು ವರ್ಷದಿಂದ ಬರೀ ಹುಲ್ಲು ಕಣೇ. ಉಪ್ಪಿನಕಾಯಿ ಇತ್ತ ಕೊಡು" ಎಂದಳು.

ಇದ್ದ ಅನ್ನ ಅಷ್ಟು ಜನಕ್ಕೆ ಎಲ್ಲಿ ಸಾಕು? ಮುದ್ದಯ್ಯ ಹಲಗೆ ತೆಗೆದುಕೊಂಡು ಊರ ಬೀದಿಯಲ್ಲಿ ಬಾರಿಸುತ್ತ ನಡೆದ. ಕದಗಳು ಒಂದೊಂದೇ ತೆರೆದವು. ಒಬ್ಬರು ರೊಟ್ಟಿ ತಂದರು, ಒಬ್ಬರು ಬೆಲ್ಲ ತಂದರು, ಒಬ್ಬರು ನಿನ್ನೆಯ ಹುಳಿಯನ್ನೇ ಬಿಸಿಮಾಡಿ ತಂದರು. ರಾಣಿ ಚಂದ್ರಾಜಿ ನೆಲದ ಮೇಲೆ ಕೂತು ಉಂಡಳು. ದೊರೆ ಸೆರಗಿನಂತೆ ಉತ್ತರೀಯ ಸೊಂಟಕ್ಕೆ ಸಿಕ್ಕಿಸಿಕೊಂಡು ಬಡಿಸುತ್ತಿದ್ದುದನ್ನು ನೋಡಿ, "ಇನ್ನು ಅರಮನೆಯಲ್ಲೂ ಹೀಗೇ ಆಗಲಿ" ಎಂದಳು.

"ಹಾಗೇ ಆಗಲಿ. ಪಾಯಸ ಬೇಕಾ?" ಎಂದ ದೊರೆ.

ಅವತ್ತು ಬನ್ನಿಕೋಟೆಯಲ್ಲಿ ಹಸಿದುಕೊಂಡು ಎದ್ದವರಿಲ್ಲ, ಒಬ್ಬರೇ ಉಂಡವರೂ ಇಲ್ಲ. ಆ ರಾಜ್ಯದವರೆಲ್ಲ ಬಹುಕಾಲ ಸುಖವಾಗಿ, ಒಬ್ಬರ ಎಲೆಗೆ ಒಬ್ಬರು ಬಡಿಸುತ್ತ ಬಾಳಿದರು.